ಎಮ್ಮೆ ಎಂದು ಬೈಯಬಾರದ ಮನೆ

ನಮ್ಮ ಮನೆಯಲ್ಲಿ ಯಾರನ್ನು ಬೇಕಾದರೂ ಕತ್ತೆ ಎಂದು ಬೈಯಬಹುದಿತ್ತು. ನಾಯಿ, ಹಂದಿ, ಮಂಗ, ಗೂಬೆ ಇವುಗಳಿಗೂ ಅಡ್ಡಿ ಇರಲಿಲ್ಲ. ಅಜ್ಜಿಗೆ ಸಿಟ್ಟು ಬಂದ ದಿನ ಇವೆಲ್ಲ ಒಂದರ ಹಿಂದೊಂದು ಅವಳ ಬಾಯಿಂದಲೇ ಹೊರಡುತ್ತಿದ್ದವು. ಎಮ್ಮೆ ಎಂದು ಮಾತ್ರ ಯಾರನ್ನೂ ಬೈಯುವ ಹಾಗಿರಲಿಲ್ಲ. ಬಾಯಿ ತಪ್ಪಿ ಬೈದವರಿಗೆ ಶಿಕ್ಷೆ ಇತ್ತು. ಮರುದಿನ ಬೆಳಗ್ಗಿನಿಂದ ಸಂಜೆಯವರೆಗೆ ಹಟ್ಟಿಯ ಚಾಕರಿಯೆಲ್ಲ ಅವರದು. ಸೆಗಣಿ ಬಾಚಬೇಕು, ಹುಲ್ಲು ಹೆರೆದು ತರಬೇಕು, ಅಕ್ಕಿ ತೊಳೆದ ನೀರಿಗೆ ಹಿಂಡಿ ಕಲಸಿ ಇಡಬೇಕು, ಮಧ್ಯಾಹ್ನ ಎಮ್ಮೆಯನ್ನು ತೋಡಿಗೆ ಕರೆದುಕೊಂಡು ಹೋಗಿ ಮೈ ತಿಕ್ಕಿ ತೊಳೆಯಬೇಕು, ಹಾಲು ಕರೆಯುವ ಹೊತ್ತಿಗೆ ಸರಿಯಾಗಿ ವಾಪಸು ತಂದು ಕಟ್ಟಬೇಕು. ಮೊದಲು ಅವಳು ಯಾರೆಂದು ತಿಳಿದುಕೊಳ್ಳಿ, ಆಮೇಲೆ ಅವಳ ಹೆಸರನ್ನು ಬೇರೆಯವರಿಗೆ ಇಡಿ ಎನ್ನುವುದು ಅಜ್ಜಿಯ ವಾದ. ಕೋರ್ಟಿನ ತೀರ್ಪಿಗಾದರೂ ಮೇಲೆ ಒಂದು ಕೋರ್ಟು ಇರುತ್ತದೆ, ಅಜ್ಜಿಯ ತೀರ್ಪಿಗೆ ಅದೂ ಇರಲಿಲ್ಲ.

ಮಾವನಿಗೂ ಈ ಶಿಕ್ಷೆ ತಪ್ಪಲಿಲ್ಲ. ಅಮ್ಮನ ಅಣ್ಣ ಅವನು. ಕೊಟ್ಟಾರ ಚೌಕಿಯಲ್ಲಿ ಹೆದ್ದಾರಿಗೆ ಮುಖ ಮಾಡಿದ ಒಂದು ಸಣ್ಣ ಹೋಟೆಲು ನಡೆಸುತ್ತಿದ್ದ. ಮೀಸೆ ದಪ್ಪ, ಸ್ವರ ಅದಕ್ಕಿಂತ ದಪ್ಪ. ಒಂದು ದಿನ ಊಟಕ್ಕೆ ಕುಳಿತವನು ಬಂಗುಡೆ ಮೀನಿನ ಮುಳ್ಳು ಬಿಡಿಸುತ್ತ ಅಮ್ಮನಿಗೆ ರಸ್ತೆಯ ಕತೆ ಹೇಳತೊಡಗಿದ.

"ಆ ಬಸ್ಸಿನ ಡ್ರೈವರ್ ಒಂದು ಎಮ್ಮೆ ಮಾರಾಯ್ತಿ! ಎಷ್ಟು ಹಾರ್ನ್ ಹಾಕಿದ್ರೂ ಬದಿ ಕೊಡ್ಲಿಕ್ಕೆ ಗೊತ್ತಿಲ್ಲ."

ಬಡಿಸುತ್ತಿದ್ದ ಅಜ್ಜಿಯ ಕೈಯ ಸೌಟು ಅಲ್ಲೇ ನಿಂತಿತು. ಮಾವನಿಗೆ ತಾನು ಹೇಳಿದ್ದು ಆಗಲೇ ಗೊತ್ತಾದದ್ದು.

"ನಾಳೆ ಹೋಟೆಲಿಗೆ ಹೋಗುದು ಬೇಡ" ಎಂದಳು ಅಜ್ಜಿ.

"ಅಮ್ಮಾ, ನಾಳೆ ಶನಿವಾರ. ಲಾರಿಯವರು ತುಂಬ ಬರ್ತಾರೆ."

"ಬರ್ಲಿ. ಎಮ್ಮೆಯನ್ನೂ ತೋಡಿಗೆ ಯಾರಾದ್ರೂ ಕೊಂಡೋಗ್ಬೇಕಲ್ಲ?"

ಮರುದಿನ ಮಾವ ಲುಂಗಿ ಎತ್ತಿ ಕಟ್ಟಿಕೊಂಡು, ಮೊಣಕಾಲುದ್ದ ನೀರಿನಲ್ಲಿ ನಿಂತು, ತೆಂಗಿನ ನಾರಿನಿಂದ ಎಮ್ಮೆಯ ಬೆನ್ನು ತಿಕ್ಕುತ್ತಿದ್ದ. ನಮ್ಮ ತೋಡು ಹೆದ್ದಾರಿಗೆ ಕಾಣುವ ಹಾಗೆ ಹರಿಯುತ್ತಿತ್ತು. ದಿನಾ ಅವನ ಹೋಟೆಲಿನಲ್ಲಿ ಚಾ ಕುಡಿದು ಕೂಳೂರು ಹೊಳೆಯ ಸಂಕದ ಕಡೆಗೆ ಹೋಗುವ ಲಾರಿಯವರು ಅವನನ್ನು ಕಂಡು ಲಾರಿ ನಿಧಾನ ಮಾಡಿ ಹಾರ್ನ್ ಹಾಕಿದರು. "ಎಂತ ಮಾಡುದು ಮಾರಾಯಾ, ಎಲ್ಲ ಈ ಬಾಯಿಯದ್ದೇ ಕೆಲಸ!" ಎಂದು ಮಾವ ಅಲ್ಲಿಂದಲೇ ಕೂಗಿ ಹೇಳಿದ. ಸಂಜೆ ಬೆನ್ನು ಹಿಡಿದುಕೊಂಡು ಬಂದವನು ನಮ್ಮೆಲ್ಲರಿಗಿಂತ ಜೋರಾಗಿ ನಗುತ್ತಿದ್ದ. ನಮ್ಮ ಮನೆಯ ಜಗಳಗಳು ಹೆಚ್ಚಾಗಿ ಹೀಗೆಯೇ ಮುಗಿಯುತ್ತಿದ್ದವು.

ಅಜ್ಜಿಗೆ ಈ ಹೆಸರಿನ ಮೇಲೆ ಇಷ್ಟು ಪ್ರೀತಿ ಸುಮ್ಮನೆ ಬಂದದ್ದಲ್ಲ. ಉಳುವವನೇ ಒಡೆಯ ಎಂಬ ಕಾನೂನು ಬಂದಾಗ ನಮ್ಮ ಗದ್ದೆಗಳು ಒಕ್ಕಲುಗಳ ಪಾಲಾದವು. "ಅವರು ಬೆವರು ಸುರಿಸಿದ್ದಾರೆ, ಅವರೇ ಉಣ್ಣಲಿ" ಎಂದು ಅಜ್ಜಿ ಒಂದೇ ಮಾತಿನಲ್ಲಿ ಆ ಕತೆ ಮುಗಿಸಿ ಮಂಗಳೂರಿಗೆ ಬಂದಳು. ಬರುವಾಗ ತಂದದ್ದು ಒಂದು ಅರೆಯುವ ಕಲ್ಲು, ಒಂದು ಹಿತ್ತಾಳೆಯ ಕಾಲುದೀಪ ಮತ್ತು ಈ ಎಮ್ಮೆ. ಕೊಟ್ಟಾರದಲ್ಲಿ ಆಗ ಅರ್ಧ ಪೇಟೆ, ಅರ್ಧ ಗದ್ದೆ. ಹಂಚಿನ ಸಣ್ಣ ಮನೆ, ಎದುರಿಗೊಂದು ಚಾವಡಿ, ಹಿಂದೆ ಹೊಗೆ ಹಿಡಿದ ಅಡಿಗೆಮನೆ, ಅಡಿಗೆಮನೆಯ ಕಿಟಕಿ ತೆರೆದರೆ ಹಟ್ಟಿ. ಮಾವನ ಹೋಟೆಲು ಕಾಲ ಮೇಲೆ ನಿಲ್ಲುವವರೆಗೆ ಮನೆಯನ್ನು ನಿಲ್ಲಿಸಿದ್ದು ಆ ಹಟ್ಟಿಯೇ. ಹಾಲು ಅಕ್ಕಪಕ್ಕದ ಮನೆಗಳಿಗೆ ಹೋಗುತ್ತಿತ್ತು, ಉಳಿದದ್ದು ಮೊಸರಾಗುತ್ತಿತ್ತು. ಆ ಮೊಸರು ಎಷ್ಟು ಗಟ್ಟಿಯೆಂದರೆ ಮಡಕೆ ಬೋರಲು ಹಾಕಿದರೂ ಕೆಳಗೆ ಬೀಳುತ್ತಿರಲಿಲ್ಲ. ಗಿರಾಕಿಗಳ ಎದುರು ಅಜ್ಜಿ ಅದನ್ನು ಬೋರಲು ಹಾಕಿಯೇ ತೋರಿಸುತ್ತಿದ್ದಳು. ಮುಂದೆ ಹೋಟೆಲು ಓಡತೊಡಗಿದಾಗ ಅಲ್ಲಿನ ಚಾಕ್ಕೂ ಇದೇ ಹಾಲು. ಮಾವನ ಚಾ ಕುಡಿಯಲೆಂದೇ ಲಾರಿ ನಿಲ್ಲಿಸುವವರು ಇದ್ದರು. ಅವರು ಹೊಗಳಿದ್ದು ಮಾವನನ್ನಲ್ಲ, ಎಮ್ಮೆಯನ್ನು ಎಂದು ಅಜ್ಜಿ ಆಗಾಗ ಅವನಿಗೆ ನೆನಪು ಮಾಡುತ್ತಿದ್ದಳು.

ಆ ಎಮ್ಮೆಗೆ ಬೇರೆ ಹೆಸರಿರಲಿಲ್ಲ. ನೆರೆಮನೆಯ ದನಕ್ಕೆ ಗೌರಿ ಎಂದು ಹೆಸರಿತ್ತು, ಅದರ ಕರುವಿಗೂ ಒಂದು ದೇವರ ಹೆಸರಿತ್ತು. ನಮ್ಮದಕ್ಕೂ ಒಂದು ಇಡಬಾರದೇ ಎಂದು ನಾನು ಕೇಳಿದಾಗ ಅಜ್ಜಿಗೆ ಪ್ರಶ್ನೆಯೇ ಅರ್ಥವಾಗಲಿಲ್ಲ. "ಎಮ್ಮೆ ಅಂತ ಉಂಟಲ್ಲ, ಇನ್ನೆಂತ ಹೆಸರು?" ಎಂದಳು. ಮನೆಯಲ್ಲಿ ನಾವು ಆಡುವುದು ತುಳು, ಹಾಗಾಗಿ ಅದು ನಮಗೆ ಎರ್ಮೆ. ಯಾರನ್ನಾದರೂ ನಿಜವಾಗಿ ಮೆಚ್ಚಿದರೆ ಅಜ್ಜಿ ಹೊಗಳುತ್ತಿದ್ದದ್ದು ಆ ಶಬ್ದದಿಂದಲೇ. ಗಂಡ ತೀರಿಹೋದ ಮೇಲೆ ಮೀನು ಮಾರಿ ಮಕ್ಕಳನ್ನು ಸಾಕಿದ ಬೆಂಗ್ರೆಯ ಹೆಂಗಸೊಬ್ಬಳು ನಮ್ಮ ಮನೆಗೆ ಬುಟ್ಟಿ ಹೊತ್ತುಕೊಂಡು ಬರುತ್ತಿದ್ದಳು. ಅವಳು ಹೋದ ಮೇಲೆ ಅಜ್ಜಿ ಅವಳ ಬೆನ್ನು ನೋಡುತ್ತ, "ಎಮ್ಮೆಯಂಥ ಹೆಂಗಸು, ಮಳೆಯಾದ್ರೂ ಅಷ್ಟೇ, ಬಿಸಿಲಾದ್ರೂ ಅಷ್ಟೇ" ಎನ್ನುತ್ತಿದ್ದಳು. ಅದಕ್ಕಿಂತ ದೊಡ್ಡ ಸರ್ಟಿಫಿಕೇಟು ಅವಳ ಬಳಿ ಇರಲಿಲ್ಲ.

ನಾನು ಹುಟ್ಟಿದ ವಾರವೇ ಎಮ್ಮೆಯೂ ಕರು ಹಾಕಿತ್ತಂತೆ. ಅದೂ ಹೆಣ್ಣು, ನಾನೂ ಹೆಣ್ಣು. ಬಣ್ಣದಲ್ಲಿಯೂ ಹೇಳಿಕೊಳ್ಳುವಂಥ ವ್ಯತ್ಯಾಸವೇನೂ ಇರಲಿಲ್ಲ. ಬೊಂಬಾಯಿಯ ಹೋಟೆಲೊಂದರಲ್ಲಿ ಕೆಲಸಕ್ಕಿದ್ದ ಅಪ್ಪ ನನಗೆ ಶಶಿಕಲಾ ಎಂಬ ಹೆಸರು ಹೇಳಿ ಕಳಿಸಿದ್ದ. ಮಗುವನ್ನು ಕಾಣದೆ ಹೆಸರಿಟ್ಟರೆ ಹೀಗೆಯೇ ಆಗುವುದು. ಅಜ್ಜಿ ನನ್ನನ್ನು ಬೆಳಕಿಗೆ ಹಿಡಿದು, ದಪ್ಪ ಕಾಲುಗಳನ್ನು ಎಳೆದು ನೋಡಿ, "ಎರ್ಮೆಕಂಜಿ!" ಎಂದಳಂತೆ. ಎಮ್ಮೆಯ ಕರು ಎಂದು ಅದರ ಅರ್ಥ. ಅಂದಿನಿಂದ ಮನೆಯಲ್ಲಿ ನನಗೆ ಅದೇ ಹೆಸರು. ಊಟಕ್ಕೆ ಕರೆಯುವಾಗ ಎರ್ಮೆಕಂಜಿ, ಎಣ್ಣೆ ತಿಕ್ಕುವಾಗ ಎರ್ಮೆಕಂಜಿ, ಜ್ವರದಲ್ಲಿ ಮಲಗಿದ್ದಾಗ ತಲೆ ಸವರುತ್ತ ಎರ್ಮೆಕಂಜಿ. ನಾನು ಅದನ್ನು ಕೇಳಿ ಬೆಳೆದೆ, ಹೀಗೆ ಕರೆಸಿಕೊಳ್ಳುವ ಭಾಗ್ಯ ಲೋಕದಲ್ಲಿ ಎಲ್ಲರಿಗೂ ಇರುವುದಿಲ್ಲ ಎಂದೇ ತಿಳಿದಿದ್ದೆ. ಲೋಕದ ಗಾದೆಗಳನ್ನೂ ಅಜ್ಜಿ ಒಳಗೆ ಬಿಟ್ಟುಕೊಳ್ಳುತ್ತಿರಲಿಲ್ಲ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಂದು ಮಾವ ಏನೋ ಮಾತಿಗೆ ಹೇಳಿದರೆ, "ನೋಡು, ಅಲ್ಲಿಯೂ ಬರೆ ತಾಳಿಕೊಂಡದ್ದು ಅವಳೇ" ಎನ್ನುತ್ತಿದ್ದಳು. ಕೋಣನ ಮುಂದೆ ಕಿನ್ನರಿ ಎಂದರೆ, "ಕೋಣ ಹೋಗಿ ಬಾರಿಸಿ ಅಂತ ಹೇಳಿತ್ತಾ?" ಎಂದು ಕೇಳುತ್ತಿದ್ದಳು. ಇಂಥ ಮನೆಯಿಂದ ನಾನು ಶಾಲೆಗೆ ಹೋದೆ.

ಶಾಲೆಯಲ್ಲಿ ಮೊದಲೆರಡು ವರ್ಷ ಏನೂ ಆಗಲಿಲ್ಲ. ಮೂರನೆಯ ತರಗತಿಗೆ ವಸಂತಿ ಟೀಚರ್ ಬಂದರು. ಎಳೆಯ ಪ್ರಾಯ, ಪೇಟೆಯ ನಡುವೆ ಬೆಳೆದವರು, ಮಾತು ನಡಿಗೆ ಎರಡೂ ಚುರುಕು. ಒಂದು ದಿನ ಆಟದ ಪೀರಿಯಡ್‌ನಲ್ಲಿ ಅವರು ನಮ್ಮನ್ನು ಸಾಲಾಗಿ ನಿಲ್ಲಿಸಿ ಓಟದ ಪಂದ್ಯ ಇಟ್ಟರು. ಸೀಟಿ ಊದಿದ್ದೇ ಎಲ್ಲರೂ ಓಡಿದರು. ನಾನು ಅವರು ಓಡುವ ಚಂದ ನೋಡುತ್ತ ನಿಂತೆ.

"ಎಂತ ಎಮ್ಮೆಯ ಹಾಗೆ ನಿಂತಿದ್ದಿ? ಓಡು!" ಎಂದು ಟೀಚರ್ ಕೂಗಿದರು.

ನನ್ನ ಮೈ ಜುಂ ಎಂದಿತು. ಶಾಲೆಗೆ ಸೇರಿದ ಮೇಲೆ ನನ್ನನ್ನು ಯಾರೂ ಹೊಗಳಿರಲಿಲ್ಲ. ಈ ಟೀಚರಿಗೆ ನನ್ನ ಮನೆಯ ಹೆಸರು ಹೇಗೆ ಗೊತ್ತಾಯಿತೋ ಎಂದು ಆಶ್ಚರ್ಯವೂ ಆಯಿತು. ಹೊಗಳಿದವರಿಗೆ ಥ್ಯಾಂಕ್ಯೂ ಹೇಳಬೇಕೆಂದು ಅವರೇ ಕಲಿಸಿದ್ದರು. ನಾನು ಕೈ ಕಟ್ಟಿಕೊಂಡು, "ಥ್ಯಾಂಕ್ಯೂ ಟೀಚರ್" ಎಂದೆ. ಓಡುತ್ತಿದ್ದವರೆಲ್ಲ ನಿಂತು ನಕ್ಕರು. ಟೀಚರ ಮುಖ ಕೆಂಪಾಯಿತು. ಎದುರುತ್ತರ ಕೊಡುತ್ತೀಯಾ ಎಂದು ನನ್ನನ್ನು ಆ ಪೀರಿಯಡ್ ಮುಗಿಯುವವರೆಗೆ ಬಾದಾಮಿ ಮರದ ಕೆಳಗೆ ನಿಲ್ಲಿಸಿದರು. ಅದೂ ನನಗೆ ಶಿಕ್ಷೆ ಎಂದು ಹೊಳೆಯಲಿಲ್ಲ. ನೆರಳಿತ್ತು, ನೆಲದಲ್ಲಿ ಹಣ್ಣು ಬಿದ್ದಿತ್ತು.

ಮನೆಗೆ ಓಡಿಬಂದು ಜಗಲಿಯಿಂದಲೇ ಸುದ್ದಿ ಹೇಳಿದೆ. ಅಜ್ಜಿಯ ಮುಖ ಅರಳಿತು. "ಆ ಟೀಚರಿಗೆ ಕಣ್ಣುಂಟು" ಎಂದಳು. ಅಕ್ಕಿ ಆರಿಸುತ್ತಿದ್ದ ಅಮ್ಮ ಮಾತ್ರ ಗೆರಸೆಯಿಂದ ತಲೆ ಎತ್ತಲಿಲ್ಲ. ಅಮ್ಮ ಎಂಟನೆಯ ತರಗತಿಯವರೆಗೆ ಶಾಲೆಗೆ ಹೋದವಳು, ಅಜ್ಜಿ ಶಾಲೆಯ ಮೆಟ್ಟಿಲು ಹತ್ತಿದವಳಲ್ಲ. ಏನಾಗಿದೆ ಎಂದು ಅಮ್ಮನಿಗೆ ಆಗಲೇ ತಿಳಿದಿತ್ತು. ಹೇಳಿದರೆ ಒಂದೇ ಏಟಿಗೆ ತಾಯಿಯ ಮನಸ್ಸೂ ಮಗಳ ಮನಸ್ಸೂ ಮುರಿಯುತ್ತದೆ, ಹೇಳದಿದ್ದರೆ ಮುಂದೆ ಇನ್ನೇನಾಗುತ್ತದೋ. ಪಾಪ, ಅವಳು ಹೇಳದೆ ಉಳಿದಳು. ಮರುದಿನ ಬೆಳಗ್ಗೆ ಅಜ್ಜಿ ಇಸ್ತ್ರಿ ಮಾಡಿದ ಸೀರೆ ಉಟ್ಟು, ಮೊಸರಿನ ಮಡಕೆಗೆ ಬಾಳೆಲೆ ಕಟ್ಟಿ, ಟೀಚರನ್ನು ಕಂಡು ಬರುತ್ತೇನೆ ಎಂದು ಹೊರಟಾಗ ಅಮ್ಮನಿಗೆ ಗಾಬರಿಯಾಯಿತು.

"ಬೇಡಮ್ಮ, ಮೊಸರು ಹುಳಿಯಾಗಿದೆ."

"ನಿನ್ನೆ ಹೆಪ್ಪು ಹಾಕಿದ ಮೊಸರು ಹೇಗೆ ಹುಳಿಯಾಗ್ತದೆ?"

"ಬಿಸಿಲು ಜೋರುಂಟು. ಇನ್ನೊಂದು ದಿನ ಹೋಗುವ."

"ನನ್ನ ಮೊಮ್ಮಗಳಿಗೆ ಒಳ್ಳೆಯ ಮಾತು ಹೇಳಿದ್ದಾರೆ. ಅದಕ್ಕೆ ಇನ್ನೊಂದು ದಿನ ಅಂತ ಉಂಟಾ?"

ಅಜ್ಜಿಯ ಕೈ ಹಿಡಿದುಕೊಂಡು ನಾನು ರಾಜಕುಮಾರಿಯ ಹಾಗೆ ಶಾಲೆಗೆ ಹೋದೆ. ತರಗತಿಯ ಬಾಗಿಲಿನಲ್ಲಿ ನಿಂತು ಅಜ್ಜಿ ಟೀಚರನ್ನು ಕರೆದಳು. ಅವಳ ಕನ್ನಡ ಪೇಟೆಗೆ ಬಂದ ಮೇಲೆ ಹಾಲಿನ ಗಿರಾಕಿಗಳಿಂದ ಕಲಿತದ್ದು, ಸ್ವರ ಮಾತ್ರ ಗದ್ದೆಯ ಈ ಬದಿಯಿಂದ ಆ ಬದಿಗೆ ಕೇಳುವಂಥದ್ದು.

"ಟೀಚರೇ, ಇವಳನ್ನು ನೀವು ನಿನ್ನೆ ಎಮ್ಮೆ ಅಂತ ಹೇಳಿದಿರಂತೆ?"

ಹೀಗೆಂದು ಮಡಕೆಯ ಬಾಳೆಲೆ ಬಿಚ್ಚಿ, ಮೊಸರಿನ ಗಟ್ಟಿತನ ತೋರಿಸಲು ಅದನ್ನು ಟೀಚರ ಎದುರೇ ಬೋರಲು ಹಾಕಿದಳು. ಮೊಸರು ಎಲ್ಲಿ ತಲೆ ಮೇಲೆ ಬೀಳುತ್ತದೋ ಎಂದು ಟೀಚರ್ ಹಿಂದಕ್ಕೆ ಹಾರಿ ಮೇಜಿಗೆ ಬಡಿದುಕೊಂಡರು. ಅವರು ತಿಳಿದದ್ದು, ಮುದುಕಿ ಜಗಳಕ್ಕೆ ಬಂದಿದ್ದಾಳೆ ಎಂದು.

"ಅಜ್ಜೀ, ತಪ್ಪು ತಿಳ್ಕೊಳ್ಬೇಡಿ. ಸಿಟ್ಟಿನಲ್ಲಿ ಬಾಯಿಗೆ ಬಂತು. ಸಣ್ಣ ಮಗುವನ್ನು ಹಾಗೆ ಬೈಬಾರ್ದಿತ್ತು. ಬೇಜಾರು ಮಾಡ್ಬೇಡಿ."

"ಬೈದದ್ದಾ?" ಎಂದಳು ಅಜ್ಜಿ.

ಆ ಒಂದು ಮಾತನ್ನು ಅವಳು ಬಹಳ ಮೆಲ್ಲಗೆ ಕೇಳಿದಳು. ಆಮೇಲೆ ಟೀಚರನ್ನು ನೋಡಲಿಲ್ಲ, ನನ್ನನ್ನು ನೋಡಿದಳು. ಟೀಚರ್ ಬೈದಾಗ ನನಗೆ ನೋವಾಗಿರಲಿಲ್ಲ. ಅವರು ಕ್ಷಮೆ ಕೇಳಿದಾಗ ನೋವಾಯಿತು. ಹಿಂದಿನ ದಿನ ಎಲ್ಲರೂ ಯಾಕೆ ನಕ್ಕರು, ಅಮ್ಮ ಯಾಕೆ ತಲೆ ಎತ್ತಲಿಲ್ಲ, ಎಲ್ಲವೂ ಆ ಬಾಗಿಲಲ್ಲಿ ನಿಂತ ಹಾಗೆಯೇ ತಿಳಿಯಿತು. ಅಜ್ಜಿ ಮಡಕೆಯನ್ನು ನೆಟ್ಟಗೆ ಮಾಡಿ ಮೇಜಿನ ಮೇಲೆ ಇಟ್ಟಳು.

"ಮೊಸರು ಇರ್ಲಿ. ಕೊಡ್ಲಿಕ್ಕೆ ತಂದದ್ದನ್ನು ವಾಪಸ್ ಕೊಂಡೋಗುವ ಕ್ರಮ ನಮ್ಮಲ್ಲಿಲ್ಲ. ಮತ್ತೆ, ನಮ್ಮಲ್ಲಿ ಇನ್ನೊಂದು ಕ್ರಮವೂ ಉಂಟು. ಎಮ್ಮೆ ಅಂತ ಬೈದವರು ಒಂದು ದಿನ ಎಮ್ಮೆಯನ್ನು ನೋಡಿಕೊಳ್ಬೇಕು. ಆದಿತ್ಯವಾರ ಬನ್ನಿ."

ಟೀಚರ್ ಹೂಂ ಎಂದರು. ಮುದುಕಿ ಒಮ್ಮೆ ಹೋದರೆ ಸಾಕು ಎಂದು ಅವರಿಗೆ ಆಗಿರಬೇಕು.

ಅಂದು ಸಂಜೆ ನಾನು ಚಾವಡಿಯ ಕನ್ನಡಿಯ ಎದುರು ನಿಂತು ನನ್ನನ್ನು ನೋಡಿಕೊಂಡೆ. ಕಪ್ಪು ಬಣ್ಣ, ಅಗಲ ಭುಜ, ದಪ್ಪ ಕಾಲು, ಯಾವುದಕ್ಕೂ ಅವಸರವಿಲ್ಲದ ಮುಖ. ನಿನ್ನೆಯವರೆಗೆ ಇವೆಲ್ಲ ಮನೆಯ ಹೆಮ್ಮೆಯಾಗಿದ್ದವು, ಈಗ ಒಂದೊಂದೂ ತಮಾಷೆಯ ವಸ್ತುವಾಗಿ ಕಂಡಿತು. ಶಾಲೆಯಲ್ಲಿ ಮಕ್ಕಳಿಗೆ ನನ್ನನ್ನು ಕರೆಯಲು ಹೊಸ ಹೆಸರು ಸಿಕ್ಕಿತ್ತು. ನಾನು ಕೊಳಾಯಿಯ ಬಳಿ ಹೋದರೆ "ಎಮ್ಮೆ ನೀರು ಕುಡೀತದೆ" ಎನ್ನುವರು, ಬೆಂಚಿನಲ್ಲಿ ಕುಳಿತರೆ "ಬೆಂಚು ಮುರೀತದೆ" ಎನ್ನುವರು. ನಾನು ಮೊಸರು ತಿನ್ನುವುದನ್ನು ಬಿಟ್ಟೆ. ಗಂಜಿಗೆ ಉಪ್ಪಿನಕಾಯಿ ಮಾತ್ರ ಸಾಕು ಎಂದೆ. ಹಟ್ಟಿಯ ಕಡೆಗೆ ಹೋಗುವುದನ್ನೂ ಬಿಟ್ಟೆ. ಅಜ್ಜಿ ಎಂದಿನಂತೆ "ಎರ್ಮೆಕಂಜೀ, ಎಣ್ಣೆ ತಿಕ್ಕುತ್ತೇನೆ ಬಾ" ಎಂದು ಕರೆದಾಗ ನನ್ನ ಸಿಟ್ಟೆಲ್ಲ ಹೊರಗೆ ಬಂತು.

"ನನ್ನನ್ನು ಇನ್ನು ಹಾಗೆ ಕರೀಬಾರ್ದು! ನನಗೆ ಹೆಸರುಂಟು!"

ಅಮ್ಮ ಒಳಗಿನಿಂದ ಓಡಿಬಂದಳು. ಅಜ್ಜಿ ಬೈಯುತ್ತಾಳೆ ಎಂದು ನಾನು ಕಾದೆ. ಬೈದಿದ್ದರೆ ಚೆನ್ನಾಗಿತ್ತು. ಅವಳು ಅಂಗೈಯಲ್ಲಿದ್ದ ಎಣ್ಣೆಯನ್ನು ತನ್ನ ಮೊಣಕಾಲಿಗೇ ಸವರಿಕೊಂಡು, "ಆಯ್ತು ಶಶಿಕಲಾ" ಎಂದಳು. ಅವಳ ಬಾಯಲ್ಲಿ ಆ ಹೆಸರನ್ನು ನಾನು ಕೇಳಿದ್ದು ಅದೇ ಮೊದಲು. ಬೇರೆ ಯಾರನ್ನೋ ಕರೆದ ಹಾಗಿತ್ತು. ಆಮೇಲೆ ಊಟಕ್ಕೆ ಶಶಿಕಲಾ, ನಿದ್ದೆಗೆ ಶಶಿಕಲಾ. ಕೇಳಿದ್ದು ನಾನೇ, ಸಿಕ್ಕಿತು. ಸಿಕ್ಕಿದ ಮೇಲೆ ಅದನ್ನು ಏನು ಮಾಡಬೇಕೆಂದು ನನಗೆ ಗೊತ್ತಾಗಲಿಲ್ಲ. ಅಜ್ಜಿಯ ಮಡಿಲಿಗೆ ಮೊದಲಿನ ಹಾಗೆ ಹೋಗಿ ಬೀಳುವುದಕ್ಕೂ ಸಂಕೋಚವಾಗತೊಡಗಿತು.

ಭಾನುವಾರ ಟೀಚರ್ ಬರುತ್ತಾರೆ ಎಂದು ಮನೆಯಲ್ಲಿ ಯಾರೂ ನಂಬಿರಲಿಲ್ಲ. ಬೆಳಗ್ಗೆ ನೀರುದೋಸೆ ಹೊಯ್ಯುತ್ತಿದ್ದ ಹೊತ್ತಿಗೆ ಕೊಡೆ ಹಿಡಿದುಕೊಂಡು ಬಂದೇಬಿಟ್ಟರು. ಕೈಯಲ್ಲಿ ನಮ್ಮ ಮಡಕೆ, ತೊಳೆದು ಒರೆಸಿದ್ದು, ಒಳಗೆ ಎರಡು ಅಚ್ಚು ಬೆಲ್ಲ. ಕೊಟ್ಟ ಪಾತ್ರೆಯನ್ನು ಖಾಲಿ ಮರಳಿಸಬಾರದು ಎಂಬುದು ನಮ್ಮಲ್ಲಿಯೂ ಇರುವ ಕ್ರಮ. ಬೆಲ್ಲ ಕಂಡದ್ದೇ ಅಜ್ಜಿಯ ಅರ್ಧ ಸಿಟ್ಟು ಇಳಿದಿತ್ತು. ಆ ಮೊಸರು ತಿಂದ ಮೇಲೆ ಬಾರದೆ ಇರಲು ಮನಸ್ಸಾಗಲಿಲ್ಲ ಎಂದು ಟೀಚರ್ ಅಮ್ಮನ ಬಳಿ ಹೇಳಿದರು. ಅಮ್ಮ ಅವರಿಗೆ ತನ್ನ ಹಳೆಯ ಸೀರೆ ಉಡಿಸಿ, ಸೆರಗು ಸಿಕ್ಕಿಸಿ ಹಟ್ಟಿಗೆ ಕಳಿಸಿದಳು. ಸೆಗಣಿ ಬಾಚುವಾಗ ಟೀಚರ್ ಮೂಗು ಮುಚ್ಚಿಕೊಳ್ಳಲಿಲ್ಲ, ಅದನ್ನು ಹೇಳಲೇಬೇಕು. ಕಷ್ಟ ಬಂದದ್ದು ತೋಡಿನಲ್ಲಿ. ಮೈ ತೊಳೆದಾಯಿತು, ಹಾಲು ಕರೆಯುವ ಹೊತ್ತಾಯಿತು, ಎಮ್ಮೆ ಕೆಸರಿನಲ್ಲಿ ಕಣ್ಣು ಮುಚ್ಚಿ ಮಲಗಿದೆ, ಏಳುವ ಲಕ್ಷಣವಿಲ್ಲ. ಟೀಚರ್ ಹಗ್ಗ ಹಿಡಿದು ಎಳೆದರು. ದಡಕ್ಕೆ ಬಂದು ಎಳೆದರು, ನೀರಿಗೆ ಇಳಿದು ಎಳೆದರು. ಕಾಲು ಜಾರಿ ಕೆಸರಿನಲ್ಲಿ ಕುಕ್ಕರಿಸಿಯೂ ಆಯಿತು. ತೆಂಗಿನ ಮರದ ಹಿಂದೆ ನಿಂತಿದ್ದ ಮಾವ ಲುಂಗಿಯ ತುದಿಯನ್ನು ಬಾಯಿಗೆ ತುರುಕಿಕೊಂಡಿದ್ದ. ಟೀಚರಿಗೆ ಸಿಟ್ಟು ನೆತ್ತಿಗೇರಿತು.

"ಏಳು ಅಂದ್ರೆ ಏಳು! ಎಂಥಾ ಎ..." ಎಂದವರು ಅಲ್ಲಿಗೇ ಬಾಯಿ ಮುಚ್ಚಿದರು. ಕೆಸರಿನಲ್ಲಿ ಕುಳಿತಲ್ಲಿಂದಲೇ ದಡದ ಮೇಲಿದ್ದ ಅಜ್ಜಿಯನ್ನು ನೋಡಿ ಅಳು ನಗು ಎರಡೂ ಬೆರೆತ ಸ್ವರದಲ್ಲಿ ಕೇಳಿದರು:

"ಎಮ್ಮೆಯನ್ನು ಎಂತ ಅಂತ ಬೈಯುದು ಅಜ್ಜೀ?"

ಅಜ್ಜಿ ನಕ್ಕದ್ದೇ ನಕ್ಕದ್ದು. ನಗು ತಡೆಯಲಾರದೆ ಕಲ್ಲಿನ ಮೇಲೆ ಕುಳಿತುಬಿಟ್ಟಳು.

"ಅದನ್ನು ಬೈಲಿಕ್ಕೆ ಶಬ್ದ ಇಲ್ಲ ಟೀಚರೇ. ನಾನೂ ಹುಡುಕಿದ್ದೇನೆ."

ನಾನು ದೂರದಲ್ಲಿ, ನನಗೂ ಇದಕ್ಕೂ ಸಂಬಂಧವಿಲ್ಲ ಎಂಬ ಹಾಗೆ ನಿಂತಿದ್ದೆ. ಟೀಚರ್ ನನ್ನನ್ನು ಕರೆದರು. "ಶಶಿ, ಬಾ ಮಾರಾಯ್ತಿ, ಸ್ವಲ್ಪ ಹಿಡಿ." ಟೀಚರ್ ಕರೆದರೆ ಹೋಗದೆ ಇರುವಂತಿಲ್ಲ. ಹೋಗಿ ಹಗ್ಗದ ತುದಿ ಹಿಡಿದೆ. ಅಷ್ಟರಲ್ಲಿ ಎಮ್ಮೆಗೆ ತಾನಾಗಿಯೇ ಮನಸ್ಸು ಬಂದು ಎದ್ದು ನಿಂತಿತು. ಎದ್ದಿತು, ಆದರೆ ನಡೆಯಲಿಲ್ಲ. ನಾವಿಬ್ಬರೂ ಎಳೆದೆವು. ಅದು ಸಿಟ್ಟು ಮಾಡಲಿಲ್ಲ, ತಲೆ ಕೊಡವಲಿಲ್ಲ, ತನ್ನ ಕಡೆಗೆ ಎಳೆಯಲೂ ಇಲ್ಲ. ಹಿಂದಿನ ಕಾಲುಗಳನ್ನು ಒಂದಿಷ್ಟು ಅಗಲ ಮಾಡಿ, ಭಾರವನ್ನೆಲ್ಲ ಕೆಳಗೆ ಬಿಟ್ಟು, ಕುತ್ತಿಗೆ ಸಡಿಲ ಮಾಡಿ ನಿಂತಿತು, ಅಷ್ಟೇ. ಹಗ್ಗದಲ್ಲಿ ಅದರ ಭಾರ ನನ್ನ ಕೈಗೆ ಬರುತ್ತಿತ್ತು. ನಾವು ಸುಸ್ತಾಗಿ ಬಿಟ್ಟ ಮೇಲೆ ಅದು ನಮ್ಮನ್ನು ದಾಟಿಕೊಂಡು ತಾನೇ ಮನೆಯ ದಾರಿ ಹಿಡಿಯಿತು. ನನಗೆ ನಗು ಬಂತು, ಎಷ್ಟೋ ದಿನಗಳ ಮೇಲೆ. ನಕ್ಕವಳು ಅಜ್ಜಿಯ ಕಡೆಗೆ ತಿರುಗಿದೆ. ಈಗ ಕರೆಯುತ್ತಾಳೆ ಎಂದು ಆಸೆಯಾಯಿತು. "ಶಶಿಕಲಾ, ಟೀಚರಿಗೆ ಕಾಲು ತೊಳೀಲಿಕ್ಕೆ ನೀರು ಕೊಡು" ಎಂದಳು. ಅಜ್ಜಿ ಮಾತು ಕೊಟ್ಟರೆ ಮಾತು.

ಆ ವರ್ಷ ಶಾಲೆಯ ಆಟೋಟದ ದಿನ ಹುಡುಗಿಯರಿಗೆ ಹಗ್ಗ ಜಗ್ಗಾಟ ಇತ್ತು. ನಮ್ಮ ಎದುರಿಗೆ ಒಂದು ತರಗತಿ ಮೇಲಿನವರು, ಉದ್ದುದ್ದ ಹುಡುಗಿಯರು. ವಸಂತಿ ಟೀಚರ್ ನಮ್ಮ ಸಾಲನ್ನು ನೋಡಿ, ನನ್ನನ್ನು ನಡುವಿನಿಂದ ಎಳೆದು ಕೊನೆಗೆ ನಿಲ್ಲಿಸಿ, ಹಗ್ಗದ ತುದಿಯನ್ನು ನನ್ನ ಸೊಂಟಕ್ಕೆ ಸುತ್ತಿದರು. ಸೀಟಿ ಕೇಳಿಸಿತು. ಎದುರಿನವರು ಒಂದೇ ಎಳೆತಕ್ಕೆ ನಮ್ಮನ್ನು ಗೆರೆಯ ಹತ್ತಿರಕ್ಕೆ ತಂದರು. ನನ್ನ ಮುಂದಿನ ಹುಡುಗಿಯರು ಕಿರುಚುತ್ತ, ಕಾಲು ಜಾರಿಸುತ್ತ ಹೋಗುತ್ತಿದ್ದರು. ನಾನೂ ಅವರ ಹಾಗೆಯೇ ಕೈಯಲ್ಲಿ ಎಳೆಯುತ್ತಿದ್ದೆ. ಟೀಚರ್ ಗೆರೆಯ ಬದಿಯಲ್ಲಿ ಓಡಿಬಂದು ನನ್ನ ಕಿವಿಯ ಹತ್ತಿರ ಕೂಗಿದರು.

"ಶಶೀ, ಎಳೀಬೇಡ! ಎಮ್ಮೆಯ ಹಾಗೆ ನಿಲ್ಲು!"

ಮೈದಾನದ ಸುತ್ತ ಕೆಲವರು ನಕ್ಕರು. ನಾನು ಟೀಚರ ಮುಖ ನೋಡಿದೆ. ಅಲ್ಲಿ ನಗು ಇರಲಿಲ್ಲ. ಕೆಸರಿನಲ್ಲಿ ಕುಳಿತು ಹಗ್ಗ ಎಳೆದವರಿಗೆ ಮಾತ್ರ ಬರುವ ನಂಬಿಕೆ ಇತ್ತು. ನಾನು ಎಳೆಯುವುದನ್ನು ಬಿಟ್ಟೆ. ಕಾಲು ಅಗಲ ಮಾಡಿದೆ, ಭಾರವನ್ನು ಕೆಳಗೆ ಬಿಟ್ಟೆ, ಕುತ್ತಿಗೆ ಸಡಿಲ ಮಾಡಿದೆ. ಹಗ್ಗ ನಿಂತಿತು. ಎದುರಿನವರು ಎಳೆದರು, ಉಸಿರು ಬಿಟ್ಟರು, ಮತ್ತೆ ಎಳೆದರು. ನನಗೆ ಅವಸರವಿರಲಿಲ್ಲ. ನಮ್ಮ ತರಗತಿಯವರು, ಇಷ್ಟು ದಿನ ಕೊಳಾಯಿಯ ಬಳಿ ಕೂಗುತ್ತ ಇದ್ದವರೇ, "ಎಮ್ಮೆ! ಎಮ್ಮೆ!" ಎಂದು ಚಪ್ಪಾಳೆ ತಟ್ಟತೊಡಗಿದರು. ಶಬ್ದ ಅದೇ, ಆದರೆ ಅದು ಈಗ ನನ್ನ ಬೆನ್ನಿಗೆ ಬಂದು ಒರಗಿತು. ಎದುರಿನವರ ಕೈ ಸೋತದ್ದು ಹಗ್ಗದಲ್ಲಿ ಗೊತ್ತಾಯಿತು. ಆಗ ನಾನು ಹಿಂದಕ್ಕೆ ಒಂದು ಹೆಜ್ಜೆ ಇಟ್ಟೆ, ಮತ್ತೊಂದು ಇಟ್ಟೆ. ಆ ಉದ್ದುದ್ದ ಹುಡುಗಿಯರೆಲ್ಲ ಗೆರೆ ದಾಟಿ ನಮ್ಮ ಮೇಲೆ ಬಂದು ಬಿದ್ದರು.

ಬಹುಮಾನ ಒಂದು ಸೋಪಿನ ಡಬ್ಬಿ. ಅದನ್ನು ಹಿಡಿದುಕೊಂಡು ಮನೆಗೆ ಬಂದಾಗ ಸಂಜೆ. ಅಮ್ಮ ಡಬ್ಬಿಯನ್ನು ಹಿಂದೆ ಮುಂದೆ ತಿರುಗಿಸಿ ನೋಡಿ ದೇವರ ಎದುರು ಇಟ್ಟಳು. ಅಜ್ಜಿ ಹಟ್ಟಿಯಲ್ಲಿ ಹಾಲು ಕರೆಯುತ್ತಿದ್ದಳು. ನಾನು ಎಷ್ಟೋ ದಿನಗಳಿಂದ ಕಾಲಿಡದ ಹಟ್ಟಿಯ ಬಾಗಿಲಿಗೆ ಹೋಗಿ ನಿಂತೆ.

"ಬಂದಿಯಾ ಶಶಿಕಲಾ?"

"ಹಗ್ಗ ಜಗ್ಗಾಟದಲ್ಲಿ ನಾವು ಗೆದ್ದೆವು. ನಾನು ಕೊನೆಯಲ್ಲಿ ನಿಂತದ್ದು."

"ಒಳ್ಳೆಯದಾಯ್ತು." ಚೊಂಬಿಗೆ ಹಾಲು ಬೀಳುವ ಸದ್ದು ನಿಲ್ಲಲಿಲ್ಲ.

"ಟೀಚರ್ ನನಗೆ ಎಮ್ಮೆಯ ಹಾಗೆ ನಿಲ್ಲು ಅಂತ ಹೇಳಿದ್ರು."

ಸದ್ದು ನಿಂತಿತು.

"ಬೈದದ್ದಾ?" ಎಂದು ಕೇಳಿದಳು ಅಜ್ಜಿ, ಶಾಲೆಯ ಬಾಗಿಲಲ್ಲಿ ಕೇಳಿದ ಅದೇ ಮೆಲ್ಲಗಿನ ಸ್ವರದಲ್ಲಿ.

"ಅಲ್ಲ" ಎಂದೆ.

ಹಾಲಿನ ಸದ್ದು ಮತ್ತೆ ಶುರುವಾಯಿತು. ನಾನು ಅಲ್ಲೇ ನಿಂತೆ. ಹೋಗಲೂ ಮನಸ್ಸಿಲ್ಲ, ಕೇಳಲೂ ಬಾಯಿ ಬರುವುದಿಲ್ಲ. ಎಮ್ಮೆ ಬಾಲ ಬೀಸಿ ಅಜ್ಜಿಯ ಕೆನ್ನೆಗೆ ಒಂದು ಕೊಟ್ಟಿತು. ಅಜ್ಜಿ ತಿರುಗಿ ನೋಡಲಿಲ್ಲ, ಕೈ ಬಿಡಲೂ ಇಲ್ಲ.

"ಅಜ್ಜೀ," ಎಂದೆ, "ಇಲ್ಲಿ ಶಶಿಕಲಾ ಅಂತ ಯಾರೂ ಇಲ್ಲ."

ಅಜ್ಜಿಯ ಬೆನ್ನು ಅಲುಗುತ್ತಿತ್ತು, ನಗುವಿಗೋ ಬೇರೆ ಯಾವುದಕ್ಕೋ. ಆಮೇಲೆ ಸೆರಗಿನಿಂದ ಮುಖ ಒರೆಸಿಕೊಂಡು, ಎಂದಿನ ದೊಡ್ಡ ಸ್ವರದಲ್ಲಿ ಹೇಳಿದಳು:

"ಎರ್ಮೆಕಂಜೀ, ಸುಮ್ಮನೆ ನೋಡ್ತಾ ನಿಂತಿದ್ದಿಯಲ್ಲ, ಬಂದು ಆ ಬಾಲ ಹಿಡಿ."

ಹೋಗಿ ಹಿಡಿದುಕೊಂಡೆ.